‘ಎಲಿಮೆಂಟ್’ ಶಬ್ದದ ಅರ್ಥಪರಂಪರೆ

೧

ಇಂಗ್ಲಿಷಿನ ‘ಎಲಿಮೆಂಟ್’ ಎಂಬ ಶಬ್ದವು ಒಂದೇ ದಿನದ ವ್ಯವಹಾರದಲ್ಲಿ ಎಷ್ಟು ವೇಷಗಳನ್ನು ತಾಳಬಲ್ಲದೆಂಬುದು ಗಮನಿಸತಕ್ಕ ಸಂಗತಿ. ರಸಾಯನಶಾಸ್ತ್ರದ ಪಾಠದಲ್ಲಿ ಅದು ಚಿನ್ನ, ಗಂಧಕ, ಆಮ್ಲಜನಕಗಳಂಥ ಮೂಲವಸ್ತು. ಗಣಿತದಲ್ಲಿ ಒಂದು ಗಣದ ಸದಸ್ಯ. ಬಿರುಗಾಳಿಗೆ ಸಿಕ್ಕ ಹಡಗಿನ ವೃತ್ತಾಂತದಲ್ಲಿ ಅದೇ ಶಬ್ದವು ಬಹುವಚನವನ್ನು ತಾಳಿ ಗಾಳಿ, ಮಳೆ, ಸಿಡಿಲುಗಳನ್ನು ಸೂಚಿಸುತ್ತದೆ. ವಿದ್ಯುತ್ ಒಲೆಯಲ್ಲಿ ಕೆಂಪಗೆ ಕಾಯುವ ತಂತಿಯ ಸುರುಳಿಗೂ ಅದೇ ಹೆಸರು. ಕ್ರೈಸ್ತರ ಪ್ರಭುಭೋಜನದ ವಿಧಿಯಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸಗಳೇ ‘ಎಲಿಮೆಂಟು’ಗಳು. ಮಕ್ಕಳ ಮೊದಲ ಶಾಲೆ ‘ಎಲಿಮೆಂಟರಿ’. ಪಳಗದ, ಆದಿಮವಾದ ಕ್ರೋಧವೋ ಪ್ರೇಮವೋ ಆದರೆ ‘ಎಲಿಮೆಂಟಲ್’. ರೊಟ್ಟಿಗೂ ಸಿಡಿಲಿಗೂ, ಒಂದನೆಯ ತರಗತಿಯ ಮಗುವಿಗೂ ಗಂಧಕಕ್ಕೂ ಇರುವ ನಂಟು ಯಾವುದು?

ಈ ಪ್ರಶ್ನೆಯು ಬರಿಯ ಕುತೂಹಲದ್ದಲ್ಲ. ಇಂಗ್ಲಿಷಿನಿಂದ ಕನ್ನಡಕ್ಕೆ ತರುವವರಿಗೆ ಈ ಶಬ್ದವು ಹೆಜ್ಜೆಹೆಜ್ಜೆಗೂ ಎದುರಾಗುತ್ತದೆ. ಅದಕ್ಕೆ ಒಂದೇ ಕನ್ನಡ ಪದವನ್ನು ಗೊತ್ತುಮಾಡಿಕೊಂಡು ಎಲ್ಲೆಡೆ ಅದನ್ನೇ ಹಚ್ಚಿದರೆ ಅರ್ಥವು ಕೆಡುತ್ತದೆ. ಸಂದರ್ಭಕ್ಕೊಂದು ಪದವನ್ನು ಹಾಕಿದರೆ ಅವುಗಳ ಒಳನಂಟು ಮರೆಯಾಗುತ್ತದೆ. ಹೊರನಾಡಿನ ಕನ್ನಡಿಗರ ಮನೆಗಳಲ್ಲಿ, ನೆರೆಯ ಭಾಷೆಯ ಪಠ್ಯಪುಸ್ತಕವೂ ಮನೆಯ ಕನ್ನಡವೂ ಒಂದೇ ಮೇಜಿನ ಮೇಲೆ ಸಂಧಿಸುವಾಗ, ಈ ತೊಡಕು ಇನ್ನಷ್ಟು ಬಿಗಿಯಾಗುತ್ತದೆ. ಆದುದರಿಂದ ಶಬ್ದದ ಹುಟ್ಟಿನಿಂದಲೇ ವಿಚಾರವನ್ನು ಆರಂಭಿಸುವುದು ಯುಕ್ತ.

೨

ಲೋಕದ ಸಮಸ್ತ ವಸ್ತುಗಳೂ ಮಣ್ಣು, ನೀರು, ಗಾಳಿ, ಬೆಂಕಿ ಎಂಬ ನಾಲ್ಕರಿಂದ ಆದುವೆಂಬ ಮತವನ್ನು ಗ್ರೀಕರಲ್ಲಿ ನೆಲೆಗೊಳಿಸಿದವನು ಎಂಪೆಡಾಕ್ಲೀಸ್. ಅವನು ಕ್ರಿ. ಪೂ. ೫ನೆಯ ಶತಮಾನದಲ್ಲಿ ಸಿಸಿಲಿಯ ಅಕ್ರಗಾಸ್ ನಗರದಲ್ಲಿದ್ದ ಕವಿ ಹಾಗೂ ದಾರ್ಶನಿಕ. ಆದರೆ ಅವನು ಈ ನಾಲ್ಕಕ್ಕೆ ಇಟ್ಟ ಹೆಸರು ‘ರಿಝೋಮಾಟ’, ಎಂದರೆ ಬೇರುಗಳು. ಈ ಬೇರುಗಳು ತಾವಾಗಿ ಏನನ್ನೂ ಮಾಡವು. ಅವನ್ನು ಕೂಡಿಸುವ ಶಕ್ತಿ ಸ್ನೇಹ, ಅಗಲಿಸುವ ಶಕ್ತಿ ಕಲಹ. ಹೀಗೆ ವಸ್ತುವನ್ನೂ ಅದನ್ನು ಆಡಿಸುವ ಶಕ್ತಿಯನ್ನೂ ಎಂಪೆಡಾಕ್ಲೀಸನು ಬೇರೆಬೇರೆಯಾಗಿಯೇ ಎಣಿಸಿದ್ದನು. ಮುಂದೆ ಇಂಗ್ಲಿಷಿನಲ್ಲಿ ಇವೆರಡೂ ಬೆರೆತುಹೋದುದನ್ನು ಕಾಣಲಿರುವೆವಾದ್ದರಿಂದ ಈ ಭೇದವನ್ನು ಇಲ್ಲಿಯೇ ನೆನಪಿಡುವುದು ಒಳ್ಳೆಯದು.

ಬೇರು ಎಂಬ ರೂಪಕವು ಹೊಲಗದ್ದೆಗಳದು. ಅದನ್ನು ಬಿಟ್ಟು ಪಾಠಶಾಲೆಯ ರೂಪಕವನ್ನು ತಂದವನು ಪ್ಲೇಟೋ. ಈ ಅರ್ಥದಲ್ಲಿ ‘ಸ್ಟೊಯ್‌ಖೆಯೊನ್’ ಎಂಬ ಶಬ್ದವನ್ನು ಮೊದಲು ಬಳಸಿದವನು ಅವನೇ ಎಂದು ಅರಿಸ್ಟಾಟಲನ ಶಿಷ್ಯನಾದ ಯೂಡೀಮಸನು ಹೇಳಿದುದಾಗಿ ತಿಳಿದುಬರುತ್ತದೆ. ‘ಸ್ಟೊಯ್‌ಖೋಸ್’ ಎಂದರೆ ಸಾಲು. ಸಾಲಿನಲ್ಲಿ ನಿಂತ ಒಂದೊಂದು ಘಟಕವೂ ‘ಸ್ಟೊಯ್‌ಖೆಯೊನ್’. ಮಾತಿನ ವಿಷಯದಲ್ಲಿ ಅದು ಒಡೆಯಲಾಗದ ಒಂಟಿ ಧ್ವನಿಯ ಹೆಸರು. ಕನ್ನಡದ ಬರವಣಿಗೆಯಲ್ಲಿ ‘ಕಿ’ ಎಂಬುದು ಒಂದೇ ಅಕ್ಷರ. ಆದರೆ ವೈಯಾಕರಣನು ಅದನ್ನು ಕಕಾರ, ಇಕಾರಗಳೆಂದು ಬಿಡಿಸುತ್ತಾನೆ. ಗ್ರೀಕರ ‘ಸ್ಟೊಯ್‌ಖೆಯೊನ್’ ಈ ಬಿಡಿಸಿದ ತುಣುಕು, ನಮ್ಮ ವ್ಯಾಕರಣದ ‘ವರ್ಣ’. ಕೂಡಿದ ‘ಕಿ’ಯಂಥದನ್ನು ಅವರು ‘ಸುಲ್ಲಬೆ’ ಎಂದರು. ಇಂಗ್ಲಿಷಿನ ‘ಸಿಲಬಲ್’ ಅಲ್ಲಿಂದ ಬಂದುದು.

ವರ್ಣದ ಹೆಸರನ್ನು ವಿಶ್ವದ ಮೂಲದ್ರವ್ಯಕ್ಕೆ ಇಟ್ಟುದೇಕೆ? ಪ್ಲೇಟೋವಿನ ‘ಥಿಯಾಟೀಟಸ್’ ಸಂವಾದದಲ್ಲಿ ಇದಕ್ಕೆ ಬೆಳಕು ಬೀಳುತ್ತದೆ. ಸಾಕ್ರಟೀಸನ ಹೆಸರಿನ ಮೊದಲ ಅಕ್ಷರವಾದ ‘ಸೋ’ ಎಂದರೇನೆಂದು ಕೇಳಿದರೆ, ಸಕಾರ ಮತ್ತು ಓಕಾರ ಎಂದು ಉತ್ತರಿಸಬಹುದು. ಸಕಾರವೆಂದರೇನೆಂದು ಮತ್ತೆ ಕೇಳಿದರೆ? ಅದು ನಾಲಗೆಯ ಒಂದು ಸುಯ್ಯೆಂಬ ಸದ್ದು. ಅದನ್ನು ಮತ್ತೇನಾಗಿಯೂ ಬಿಡಿಸಿ ಹೇಳಲಾಗದು. ಕೂಡಿದುದಕ್ಕೆ ವಿವರಣೆಯುಂಟು, ಕೂಡುವ ಒಂಟಿ ಘಟಕಕ್ಕೆ ಹೆಸರು ಮಾತ್ರವುಂಟು ಎಂಬ ವಾದವನ್ನು ಅಲ್ಲಿ ಮುಂದಿಟ್ಟು ಪರೀಕ್ಷಿಸಲಾಗಿದೆ. ಬಿಡಿಸುವ ಕೆಲಸವು ಎಲ್ಲಿ ನಿಲ್ಲುವುದೋ ಅಲ್ಲಿರುವುದೇ ‘ಸ್ಟೊಯ್‌ಖೆಯೊನ್’.

‘ಟಿಮೇಯಸ್’ ಸಂವಾದದಲ್ಲಿ ಪ್ಲೇಟೋ ಈ ಉಪಮೆಯನ್ನು ತಾನೇ ತಿದ್ದುತ್ತಾನೆ. ಬೆಂಕಿ, ನೀರು ಮೊದಲಾದುವನ್ನು ಜನರು ವಿಶ್ವದ ವರ್ಣಗಳೆಂದು ಕರೆಯುವರಾದರೂ, ವಿವೇಕಿಯಾದವನು ಅವನ್ನು ‘ಸುಲ್ಲಬೆ’ಗಳ ಮಟ್ಟಕ್ಕೂ ಹೋಲಿಸಬಾರದೆಂಬುದು ಅವನ ಅಭಿಪ್ರಾಯ. ಅವನ ಮತದಲ್ಲಿ ಅವುಗಳ ಹಿಂದೆ ತ್ರಿಕೋನಗಳಿಂದಾದ ಘನಾಕೃತಿಗಳಿವೆ. ಹೆಸರು ರೂಢಿಗೆ ಬರುವ ಹೊತ್ತಿಗೇ, ಹೆಸರಿಸಲ್ಪಟ್ಟ ವಸ್ತು ನಿಜವಾಗಿಯೂ ಒಡೆಯಲಾರದ್ದೇ ಎಂಬ ಸಂಶಯವೂ ಜೊತೆಗೇ ಹುಟ್ಟಿತು.

ಪರಮಾಣುವಾದಿಗಳಿಗೂ ಇದೇ ಅಕ್ಷರಮಾಲೆಯು ನೆರವಾಯಿತು. ಲ್ಯೂಸಿಪ್ಪಸ್, ಡೆಮಾಕ್ರಿಟಸರ ಮತವನ್ನು ವಿವರಿಸುವಾಗ ಅರಿಸ್ಟಾಟಲನು ಅಕ್ಷರಗಳ ದೃಷ್ಟಾಂತವನ್ನೇ ಕೊಡುತ್ತಾನೆ: ಎರಡು ಅಕ್ಷರಗಳು ಆಕಾರದಿಂದ ಬೇರೆಯಾಗಬಹುದು, ಅವೇ ಎರಡು ಅಕ್ಷರಗಳು ಹಿಂದುಮುಂದಾಗಿ ನಿಂತು ಅನುಕ್ರಮದಿಂದ ಬೇರೆಯಾಗಬಹುದು, ಒಂದೇ ಅಕ್ಷರವು ಮಗ್ಗುಲಾಗಿ ಇನ್ನೊಂದಾಗಿ ತೋರಬಹುದು. ಪರಮಾಣುಗಳ ಭೇದಗಳೂ ಇಷ್ಟೇ. ಕ್ರಿ. ಪೂ. ೩೦೦ರ ಸುಮಾರಿಗೆ ಯೂಕ್ಲಿಡನು ರಚಿಸಿದ ರೇಖಾಗಣಿತದ ಗ್ರಂಥಕ್ಕೂ ‘ಸ್ಟೊಯ್‌ಖೆಯ’ ಎಂಬ ಬಹುವಚನವೇ ಹೆಸರಾಯಿತು. ಅಲ್ಲಿ ಅದರ ಅರ್ಥ, ಮಿಕ್ಕೆಲ್ಲ ಪ್ರಮೇಯಗಳೂ ಯಾವುದರಿಂದ ಕಟ್ಟಲ್ಪಡುವುವೋ ಆ ಮೂಲಪ್ರಮೇಯಗಳು ಎಂದು.

೩

ಗ್ರೀಕರ ಈ ಶಬ್ದಕ್ಕೆ ಸಮಾನವಾಗಿ ರೋಮನರು ಬಳಸಿದುದು ‘ಎಲೆಮೆಂಟುಮ್’. ಅದಕ್ಕೂ ಅಕ್ಷರ, ಮೊದಲ ಪಾಠ, ಮೂಲದ್ರವ್ಯ ಎಂಬ ಮೂರು ಅರ್ಥಗಳು. ಇದರ ವ್ಯುತ್ಪತ್ತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಮತವಿಲ್ಲ. ಲ್ಯಾಟಿನ್ ಅಕ್ಷರಮಾಲೆಯ ಉತ್ತರಾರ್ಧವು ಎಲ್, ಎಮ್, ಎನ್ ಎಂದು ಆರಂಭವಾಗುವುದರಿಂದ ‘ಎಲ್-ಎಮ್-ಎನ್’ ಎಂಬ ಮಕ್ಕಳ ಕಂಠಪಾಠವೇ ಶಬ್ದವಾಯಿತೆಂಬುದು ಒಂದು ಊಹೆ. ಇಂಗ್ಲಿಷಿನವರು ಮೊದಲ ಪಾಠಕ್ಕೆ ‘ಎಬಿಸಿ’ ಎನ್ನುವುದೂ ಕನ್ನಡಿಗರು ‘ಓನಾಮ’ ಎನ್ನುವುದೂ ಈ ಬಗೆಯವೇ. ‘ಓಂ ನಮಃ’ ಎಂದು ತೊಡಗುವ ಅಕ್ಷರಾಭ್ಯಾಸದ ವಾಕ್ಯವು ಸವೆದು ‘ಓನಾಮ’ವಾಗಿ, ಯಾವ ವಿದ್ಯೆಯ ಮೊದಲ ಮೆಟ್ಟಲಿಗಾದರೂ ಸಲ್ಲುವ ಪದವಾದುದನ್ನು ನೆನೆದರೆ ಈ ಊಹೆಯು ಅಸಂಭವವೆಂದು ತೋರದು.

ಇನ್ನೊಂದು ಊಹೆಯನ್ನು ಜರ್ಮನ್ ವಿದ್ವಾಂಸ ಹರ್ಮನ್ ಡೀಲ್ಸ್ ೧೮೯೯ರಲ್ಲಿ ಈ ಶಬ್ದವೊಂದಕ್ಕಾಗಿಯೇ ಬರೆದ ಗ್ರಂಥದಲ್ಲಿ ಎತ್ತಿ ಹಿಡಿದನು. ಅದರಂತೆ ಇದರ ಮೂಲವು ಆನೆ ಹಾಗೂ ದಂತವನ್ನು ಸೂಚಿಸುವ ಗ್ರೀಕ್ ಶಬ್ದ. ದಂತದಲ್ಲಿ ಕೊರೆದ ಅಕ್ಷರದ ಆಕೃತಿಗಳನ್ನು ಮಕ್ಕಳಿಗೆ ಆಟಕ್ಕೆ ಕೊಟ್ಟು ಓದು ಕಲಿಸುವ ಪದ್ಧತಿಯನ್ನು ರೋಮಿನ ಶಿಕ್ಷಣತಜ್ಞ ಕ್ವಿಂಟಿಲಿಯನ್ ಉಲ್ಲೇಖಿಸಿರುವುದು ಇದಕ್ಕೆ ಪೋಷಕ. ಎರಡೂ ಊಹೆಗಳಲ್ಲಿ ಯಾವುದೊಂದೂ ಸರ್ವಸಮ್ಮತವಾಗಿಲ್ಲ. ಆದರೆ ಎರಡೂ ಶಬ್ದದ ತೊಟ್ಟಿಲನ್ನು ಅಕ್ಷರ ಕಲಿಯುವ ಮಗುವಿನ ಬಳಿಯೇ ಇಡುತ್ತವೆ.

ಕ್ರಿ. ಪೂ. ಮೊದಲ ಶತಮಾನದ ಕವಿ ಲುಕ್ರೀಷಿಯಸನು ಈ ದ್ವ್ಯರ್ಥವನ್ನು ಬುದ್ಧಿಪೂರ್ವಕವಾಗಿ ದುಡಿಸಿಕೊಂಡನು. ಪರಮಾಣುಗಳಿಗೂ ಅಕ್ಷರಗಳಿಗೂ ‘ಎಲೆಮೆಂಟ’ ಎಂದೇ ಹೇಳಿ, ಲ್ಯಾಟಿನ್ನಿನಲ್ಲಿ ಬೆಂಕಿಯ ಹೆಸರಾದ ‘ಇಗ್ನಿಸ್’ ಮತ್ತು ಕಟ್ಟಿಗೆಯ ಹೆಸರಾದ ‘ಲಿಗ್ನುಮ್’ಗಳನ್ನು ಅವನು ಪಕ್ಕಪಕ್ಕದಲ್ಲಿ ನಿಲ್ಲಿಸುತ್ತಾನೆ. ಕೆಲವೇ ಅಕ್ಷರಗಳ ಸ್ಥಾನಪಲ್ಲಟದಿಂದ ಒಂದು ಪದ ಇನ್ನೊಂದಾಗುವಂತೆ, ಕೆಲವೇ ಪರಮಾಣುಗಳ ಸ್ಥಾನಪಲ್ಲಟದಿಂದ ಕಟ್ಟಿಗೆಯು ಬೆಂಕಿಯಾಗುತ್ತದೆ. ಕಟ್ಟಿಗೆಯೊಳಗೆ ಬೆಂಕಿ ಮೊದಲೇ ಅಡಗಿ ಕುಳಿತಿರಬೇಕಾದುದಿಲ್ಲ. ಈ ‘ಇಗ್ನಿಸ್’ ನಮ್ಮ ‘ಅಗ್ನಿ’ಯ ಸೋದರಶಬ್ದವೆಂಬುದು ಭಾಷಾಶಾಸ್ತ್ರಜ್ಞರಿಗೆ ವಿದಿತವೇ ಆಗಿದೆ.

೪

ಫ್ರೆಂಚಿನ ಮೂಲಕ ಈ ಶಬ್ದವು ಇಂಗ್ಲಿಷಿಗೆ ಬಂದುದು ಸುಮಾರು ೧೩೦೦ರ ಹೊತ್ತಿಗೆ. ಆಗ ಅದರ ಮುಖ್ಯಾರ್ಥವು ಚತುರ್ಭೂತಗಳೆಂದೇ. ಅರಿಸ್ಟಾಟಲನು ಬಿಸಿ, ತಂಪು, ಒಣತನ, ತೇವ ಎಂಬ ಗುಣಗಳನ್ನು ಜೋಡಿಮಾಡಿ ಈ ನಾಲ್ಕನ್ನು ವ್ಯವಸ್ಥೆಗೊಳಿಸಿದ್ದನು. ಆಕಾಶಕಾಯಗಳಿಗಾಗಿ ಐದನೆಯದೊಂದನ್ನು ಬೇರೆಯಾಗಿ ಕಲ್ಪಿಸಿದ್ದನು. ಆ ಐದನೆಯದರ ಲ್ಯಾಟಿನ್ ಹೆಸರಿನಿಂದಲೇ, ಸಾರಸರ್ವಸ್ವವೆಂಬ ಅರ್ಥದ ‘ಕ್ವಿಂಟೆಸೆನ್ಸ್’ ಎಂಬ ಪದವು ಇಂಗ್ಲಿಷಿನಲ್ಲಿ ಉಳಿದಿದೆ.

ನಾಲ್ಕು ಭೂತಗಳಲ್ಲಿ ಒಂದೊಂದು ಪ್ರಾಣಿಗೆ ಒಂದೊಂದು ನೆಲೆ: ಮೀನಿಗೆ ನೀರು, ಹಕ್ಕಿಗೆ ಗಾಳಿ. ಒಬ್ಬನು ತನಗೆ ಒಗ್ಗಿದ ಪರಿಸರದಲ್ಲಿ ಲೀಲಾಜಾಲವಾಗಿ ನಡೆದುಕೊಂಡಾಗ ಅವನು ತನ್ನ ‘ಎಲಿಮೆಂಟಿ’ನಲ್ಲಿದ್ದಾನೆ ಎನ್ನುವ ನುಡಿಗಟ್ಟಿನ ಮೂಲವು ಇದು. ನೀರಿನಿಂದ ತೆಗೆದ ಮೀನಿನಂತೆ ಎಂದು ಕನ್ನಡದಲ್ಲಿ ಹೇಳುವಾಗ ಇದರ ಮರುಮಗ್ಗುಲೇ ಕಾಣುತ್ತದೆ. ಆಕಾಶಕ್ಕೂ ‘ಎಲಿಮೆಂಟ್’ ಎನ್ನುವ ರೂಢಿ ಒಂದು ಕಾಲದಲ್ಲಿತ್ತು. ೧೬೦೨ರಲ್ಲಿ ಪ್ರಯೋಗಗೊಂಡ ದಾಖಲೆಯಿರುವ ‘ಟ್ವೆಲ್ಫ್ತ್ ನೈಟ್’ ನಾಟಕದಲ್ಲಿ ಷೇಕ್ಸ್‌ಪಿಯರನ ವಿದೂಷಕನು ಈ ಶಬ್ದವು ಬಳಸಿ ಬಳಸಿ ಸವೆದುಹೋಗಿದೆಯೆಂದು ಹಾಸ್ಯಮಾಡಿ, ಅದರ ಬದಲು ಆಗಸವೆಂಬ ಅರ್ಥದ ಬೇರೊಂದು ಪದವನ್ನು ಬಳಸುತ್ತಾನೆ. ನಾಲ್ಕುನೂರು ವರ್ಷಗಳ ಹಿಂದೆಯೇ ಸವೆದಿದ್ದ ಶಬ್ದ ಇಂದಿಗೂ ಮುಗಿದಿಲ್ಲವೆಂಬುದು ಸ್ವಾರಸ್ಯ.

ಅದೇ ಕವಿಯ ‘ಕಿಂಗ್ ಲಿಯರ್’ ನಾಟಕದಲ್ಲಿ ಶಬ್ದದ ಗಂಭೀರ ಮುಖವು ಕಾಣುತ್ತದೆ. ಮಕ್ಕಳಿಂದ ಹೊರದೂಡಲ್ಪಟ್ಟ ಮುದಿ ದೊರೆಯು ಬಯಲಿನಲ್ಲಿ ನಿಂತು ಮಳೆ ಸಿಡಿಲುಗಳನ್ನು ಸಂಬೋಧಿಸಿ, ಅವುಗಳ ಮೇಲೆ ಕೃತಘ್ನತೆಯ ದೋಷವನ್ನು ತಾನು ಹೊರಿಸುವುದಿಲ್ಲವೆನ್ನುತ್ತಾನೆ; ಏಕೆಂದರೆ ಅವಕ್ಕೆ ಅವನು ರಾಜ್ಯವನ್ನು ಕೊಟ್ಟಿರಲಿಲ್ಲ, ಮಕ್ಕಳೆಂದು ಕರೆದಿರಲಿಲ್ಲ. ಇಲ್ಲಿ ‘ಎಲಿಮೆಂಟು’ಗಳು ವಸ್ತುಗಳಲ್ಲ; ಮನುಷ್ಯನ ಋಣಾನುಬಂಧದ ಲೆಕ್ಕಕ್ಕೆ ಹೊರಗಾದ ನಿಸರ್ಗಶಕ್ತಿಗಳು. ಎಂಪೆಡಾಕ್ಲೀಸನು ಬೇರ್ಪಡಿಸಿದ್ದ ವಸ್ತುವೂ ಶಕ್ತಿಯೂ ಇಲ್ಲಿ ಒಂದಾಗಿವೆ. ‘ಎಲಿಮೆಂಟಲ್’ ಎಂಬ ವಿಶೇಷಣವು ಇಂದು ಮುಖ್ಯವಾಗಿ ಹೊತ್ತಿರುವುದು ಈ ಅರ್ಥವನ್ನೇ. ಅದರ ಸೋದರಿಯಾದ ‘ಎಲಿಮೆಂಟರಿ’ಯಾದರೋ ಅಕ್ಷರಶಾಲೆಯ ಹಳೆಯ ಅರ್ಥವನ್ನು ಉಳಿಸಿಕೊಂಡಿದೆ. ಒಂದು ಬಿರುಗಾಳಿಯ ಕಡೆಗೆ ಹೋಯಿತು, ಇನ್ನೊಂದು ಬಳಪದ ಕಡೆಗೆ.

‘ಎಲಿಮೆಂಟಲ್’ ಎಂಬುದಕ್ಕೆ ನಾಮಪದವಾಗಿ ಮತ್ತೊಂದು ಅರ್ಥವೂ ಉಂಟು. ೧೬ನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸನು ನೀರು, ಗಾಳಿ, ಮಣ್ಣು, ಬೆಂಕಿಗಳಲ್ಲಿ ಒಂದೊಂದು ಜಾತಿಯ ಅಗೋಚರ ಜೀವಿಗಳು ವಾಸಿಸುವುವೆಂದು ಬರೆದನು. ಆಯಾ ಭೂತದಲ್ಲಿ ನೆಲಸಿದ ಇಂಥ ಜೀವಿಗೆ ಇಂಗ್ಲಿಷಿನಲ್ಲಿ ‘ಎಲಿಮೆಂಟಲ್’ ಎಂಬ ಹೆಸರು ಬಂದಿತು.

೫

ಶಬ್ದದ ಅರ್ಥವನ್ನು ಬುಡಸಹಿತ ಅಲುಗಿಸಿದುದು ರಸಾಯನಶಾಸ್ತ್ರ. ೧೬೬೧ರಲ್ಲಿ ರಾಬರ್ಟ್ ಬಾಯ್ಲನು ‘ಸ್ಕೆಪ್ಟಿಕಲ್ ಕಿಮಿಸ್ಟ್’ ಎಂಬ ಗ್ರಂಥದಲ್ಲಿ ಚತುರ್ಭೂತಗಳ ಮತವನ್ನೂ ರಸವಾದಿಗಳ ತತ್ತ್ವತ್ರಯವನ್ನೂ ಪ್ರಶ್ನಿಸಿದನು. ೧೭೮೦ರ ದಶಕದಲ್ಲಿ ನೀರು ಎರಡು ಅನಿಲಗಳ ಸಂಯುಕ್ತವೆಂದು ಸಿದ್ಧವಾದಾಗ, ಎರಡು ಸಾವಿರ ವರ್ಷಗಳ ಕಾಲ ‘ವರ್ಣ’ವೆನಿಸಿದ್ದುದು ಬರಿಯ ‘ಸುಲ್ಲಬೆ’ಯೆಂದು ತಿಳಿಯಿತು. ಪ್ಲೇಟೋವಿನ ಸಂಶಯವು ಬೇರೊಂದು ದಾರಿಯಿಂದ ನಿಜವಾಯಿತು.

೧೭೮೯ರಲ್ಲಿ ಲವಾಸಿಯೇ ಪ್ರಕಟಿಸಿದ ಗ್ರಂಥದ ಹೆಸರಿನಲ್ಲಿಯೇ ‘ಎಲೆಮಾಂತೇರ್’ ಎಂಬ ಫ್ರೆಂಚ್ ವಿಶೇಷಣವಿದೆ; ಅಲ್ಲಿ ಅದರ ಅರ್ಥ ಪ್ರಾಥಮಿಕ ಪಾಠವೆಂದು. ಗ್ರಂಥದ ಪೀಠಿಕೆಯಲ್ಲಾದರೋ ಅದೇ ಮೂಲದ ಶಬ್ದಕ್ಕೆ, ವಿಶ್ಲೇಷಣೆಯು ತಲಪಬಲ್ಲ ಕೊನೆಯ ಬಿಂದು ಎಂಬ ಹೊಸ ಲಕ್ಷಣವನ್ನು ಕೊಡಲಾಗಿದೆ. ಯಾವ ವಸ್ತುವನ್ನು ಇನ್ನೂ ಒಡೆಯಲು ಬಂದಿಲ್ಲವೋ ಅದೇ, ಒಡೆಯುವವರೆಗೆ, ‘ಎಲಿಮೆಂಟ್’. ಅವನ ಪಟ್ಟಿಯ ೩೩ ವಸ್ತುಗಳಲ್ಲಿ ಆಮ್ಲಜನಕ, ಜಲಜನಕಗಳ ಜೊತೆಗೆ ಬೆಳಕೂ ಉಷ್ಣವೂ ಸೇರಿದ್ದುವು. ಮುಂದೆ ಸಂಯುಕ್ತವೆಂದು ತಿಳಿದುಬಂದ ಸುಣ್ಣವೂ ಇದ್ದಿತು. ಆದರೆ ಲಕ್ಷಣವು ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳುವಂಥದಾದ್ದರಿಂದ ಪಟ್ಟಿಯು ಬದಲಾದರೂ ಲಕ್ಷಣವು ನಿಂತಿತು. ‘ಸೋ’ ಎಂಬುದನ್ನು ಬಿಡಿಸುತ್ತ ಸಕಾರದಲ್ಲಿ ನಿಂತ ಸಂವಾದಕ್ಕೂ ಇದಕ್ಕೂ ಇರುವ ಸಾಮ್ಯವನ್ನು ವಿವರಿಸಬೇಕಾಗಿಲ್ಲ.

೧೮೬೯ರಲ್ಲಿ ಮೆಂಡಲೇವ್ ಈ ವಸ್ತುಗಳನ್ನು ಸಾಲುಸಾಲಾಗಿ ಜೋಡಿಸಿದಾಗ, ಸಾಲಿನ ಘಟಕವೆಂಬ ಗ್ರೀಕ್ ಅರ್ಥವು ಅಕ್ಷರಶಃ ಮರಳಿ ಬಂದಂತಾಯಿತು. ಸಾಲಿನಲ್ಲಿ ತೆರವಾಗಿ ಉಳಿದ ಸ್ಥಾನಗಳಿಗೆ ಅವನು ಸಂಸ್ಕೃತದ ‘ಏಕ’ ಶಬ್ದವನ್ನು ಕೂಡಿಸಿ ಏಕ-ಅಲ್ಯುಮಿನಿಯಂ, ಏಕ-ಬೋರಾನ್, ಏಕ-ಸಿಲಿಕಾನ್ ಎಂದು ಹೆಸರಿಟ್ಟನು. ೧೮೭೫ರಲ್ಲಿ ಗ್ಯಾಲಿಯಂ, ೧೮೭೯ರಲ್ಲಿ ಸ್ಕ್ಯಾಂಡಿಯಂ, ೧೮೮೬ರಲ್ಲಿ ಜರ್ಮೇನಿಯಂ ದೊರೆತು ಆ ಸ್ಥಾನಗಳು ತುಂಬಿದುವು. ಪಾಣಿನಿಯ ವ್ಯಾಕರಣವನ್ನು ಸಂಪಾದಿಸಿದ ಬೋಟ್ಲಿಂಕ್ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದ್ದವನು. ಸಂಸ್ಕೃತ ವರ್ಣಮಾಲೆಯ ಎರಡು ದಿಕ್ಕಿನ ಜೋಡಣೆಯು ಮೆಂಡಲೇವನ ಕೋಷ್ಟಕಕ್ಕೆ ಸ್ಫೂರ್ತಿಯಾಗಿರಬಹುದೆಂದು ಈಚಿನ ಕೆಲವು ವಿದ್ವಾಂಸರು ಸೂಚಿಸಿದ್ದಾರೆ. ಕ, ಚ, ಟ, ತ, ಪ ಎಂದು ಕೆಳಗಿಳಿದರೆ ಉಚ್ಚಾರಣೆಯ ಸ್ಥಾನ ಬದಲಾಗುವುದೂ, ಕ, ಖ, ಗ, ಘ, ಙ ಎಂದು ಅಡ್ಡಕ್ಕೆ ನಡೆದರೆ ಪ್ರಯತ್ನ ಬದಲಾಗುವುದೂ ಆ ಕೋಷ್ಟಕವನ್ನು ನೆನಪಿಗೆ ತರುವುದು ನಿಜ. ಆದರೆ ಇದು ಊಹೆಯೇ ಹೊರತು ಸಿದ್ಧಾಂತವಲ್ಲ.

೨೦೧೬ರಲ್ಲಿ ಕೊನೆಯ ನಾಲ್ಕಕ್ಕೆ ಹೆಸರಿಟ್ಟ ಮೇಲೆ ಕೋಷ್ಟಕದಲ್ಲಿ ೧೧೮ ಮೂಲವಸ್ತುಗಳಾಗಿವೆ. ಅವುಗಳ ಪರಮಾಣುವೂ ಒಡೆದು, ಮೂಲಕಣಗಳೆಂಬ ಇನ್ನೊಂದು ಹಂತವು ತೆರೆದುಕೊಂಡಿದೆ. ಕೂಡಿಸುವ, ಅಗಲಿಸುವ ಕೆಲಸವನ್ನು ಭೌತವಿಜ್ಞಾನವು ಗುರುತ್ವ, ವಿದ್ಯುತ್ಕಾಂತೀಯ, ಪ್ರಬಲ, ದುರ್ಬಲ ಎಂಬ ನಾಲ್ಕು ಬಲಗಳಿಗೆ ವಹಿಸಿದೆ. ಹಿಂದೆ ವಸ್ತುಗಳು ನಾಲ್ಕು, ಶಕ್ತಿಗಳು ಎರಡು. ಇಂದು ಬಲಗಳು ನಾಲ್ಕು, ವಸ್ತುಗಳು ನೂರಕ್ಕೆ ಮೇಲೆ.

೬

ಇನ್ನು ಕನ್ನಡದ ಕಡೆಗೆ ತಿರುಗಬಹುದು. ಇಂಗ್ಲಿಷಿನ ಈ ಒಂದು ಶಬ್ದದ ಕೆಲಸವನ್ನು ಕನ್ನಡದಲ್ಲಿ ಹಲವು ಶಬ್ದಗಳು ಹಂಚಿಕೊಂಡಿವೆ. ಒಂದೊಂದಕ್ಕೂ ಅದರದೇ ಆದ ಹಿನ್ನೆಲೆಯುಂಟು.

‘ಭೂತ’ವು ‘ಭೂ’ ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಆದುದು, ಇದ್ದುದು ಎಂದು ಅದರ ಮೂಲಾರ್ಥ. ಪಂಚಮಹಾಭೂತಗಳಲ್ಲಿ ಆಕಾಶವೂ ಸೇರಿದೆ. ಶಬ್ದವು ಆಕಾಶದ ಗುಣವೆಂಬುದು ವೈಶೇಷಿಕರ ಮತ. ಹಿಂದೆ ಆಗಿಹೋದುದೂ ಭೂತ, ಆಗಿಹೋದವನ ಪ್ರೇತವೂ ಭೂತ. ಇಂಗ್ಲಿಷಿನ ‘ಎಲಿಮೆಂಟಲ್’ ಮತ್ತು ಕನ್ನಡದ ‘ಭೂತ’ ಎರಡರಲ್ಲಿಯೂ ಮೂಲದ್ರವ್ಯದ ಅರ್ಥವೂ ಅಗೋಚರ ಜೀವಿಯ ಅರ್ಥವೂ ಕೂಡಿರುವುದನ್ನು ಕಂಡು ಒಂದೇ ಕಾರಣವನ್ನು ಕಲ್ಪಿಸಬಾರದು. ಅಲ್ಲಿ ದ್ರವ್ಯದಲ್ಲಿ ವಾಸಿಸುವ ಜೀವಿಗೆ ದ್ರವ್ಯದ ಹೆಸರು ಬಂದಿತು. ಇಲ್ಲಿ ‘ಆದುದು’ ಎಂಬ ಒಂದೇ ಕೃದಂತವು ಎರಡು ಬೇರೆ ದಾರಿಗಳಲ್ಲಿ ನಡೆಯಿತು. ವಿಜ್ಞಾನದ ಕನ್ನಡದಲ್ಲಿ ಈ ಶಬ್ದವು ರಸಾಯನಶಾಸ್ತ್ರವನ್ನು ಬಿಟ್ಟು ‘ಭೌತಶಾಸ್ತ್ರ’ದಲ್ಲಿ ನೆಲಸಿದೆ.

‘ಸ್ಟೊಯ್‌ಖೆಯೊನ್’ಗೆ ನಿಜವಾದ ಜೊತೆಯೆಂದರೆ ‘ಧಾತು’. ಇಡು, ಧರಿಸು ಎಂಬರ್ಥದ ‘ಧಾ’ದಿಂದ ಹುಟ್ಟಿದ ಇದು ವ್ಯಾಕರಣದಲ್ಲಿ ಕ್ರಿಯಾಪದದ ಮೂಲ, ಆಯುರ್ವೇದದಲ್ಲಿ ರಸ, ರಕ್ತ, ಮಾಂಸ, ಮೇದಸ್ಸು, ಅಸ್ಥಿ, ಮಜ್ಜೆ, ಶುಕ್ರ ಎಂಬ ಏಳು ಶರೀರಾಧಾರಗಳು, ಗಣಿಯಲ್ಲಿ ಖನಿಜ. ಗ್ರೀಕರು ಮಾತಿನ ಅತಿಸಣ್ಣ ಘಟಕದ ಹೆಸರನ್ನು ನಿಸರ್ಗಕ್ಕೆ ಕೊಟ್ಟಂತೆ, ಭಾರತೀಯರಲ್ಲಿ ಮಾತಿನ ಬೇರಿಗೂ ದೇಹದ, ನೆಲದ ಆಧಾರದ್ರವ್ಯಕ್ಕೂ ಒಂದೇ ಹೆಸರು ಸಂದಿತು. ೧೩ನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಧಾತುಗಳಿಗೆ ಒಂದು ಪ್ರಕರಣವನ್ನೇ ಮೀಸಲಿಟ್ಟಿದ್ದಾನೆ. ಅಷ್ಟೇ ಅಲ್ಲ, ಜೈನದೃಷ್ಟಿಗೆ ಅನುಗುಣವಾಗಿ ಶಬ್ದವನ್ನು ಅವನು ನಾಭಿಮೂಲದಿಂದ ಕಹಳೆಯ ರೀತಿಯಲ್ಲಿ ಹೊಮ್ಮುವ, ಬಿಳಿಯ ಬಣ್ಣದ ದ್ರವ್ಯವೆಂದೇ ಎಣಿಸುತ್ತಾನೆ. ಲುಕ್ರೀಷಿಯಸನಿಗೆ ಅಕ್ಷರವು ದ್ರವ್ಯಕ್ಕೆ ಉಪಮೆ. ಕೇಶಿರಾಜನಿಗೆ ಶಬ್ದವೇ ದ್ರವ್ಯ.

ಇಂದಿನ ಕರ್ನಾಟಕದ ಪಠ್ಯಪುಸ್ತಕಗಳಲ್ಲಿ ರಸಾಯನದ ‘ಎಲಿಮೆಂಟ್’ ಧಾತುವೆನಿಸಿದೆ, ಮೂಲವಸ್ತುವೆಂಬುದೂ ಬಳಕೆಯಲ್ಲಿದೆ. ಹೊರನಾಡಿನ ಕನ್ನಡಿಗರ ತೊಡಕು ಇಲ್ಲಿಯೇ. ಮರಾಠಿಯಲ್ಲಿ ಇದಕ್ಕೆ ‘ಮೂಲದ್ರವ್ಯ’, ಹಿಂದಿಯಲ್ಲಿ ‘ತತ್ತ್ವ’, ತೆಲುಗಿನಲ್ಲಿ ‘ಮೂಲಕಂ’, ತಮಿಳಿನಲ್ಲಿ ‘ತನಿಮಮ್’. ಮರಾಠಿ, ಹಿಂದಿಗಳಲ್ಲಿ ‘ಧಾತು’ ಎಂದರೆ ಲೋಹ. ಮುಂಬಯಿ ಪುಣೆಗಳಲ್ಲಿ ಮರಾಠಿ ಮಾಧ್ಯಮದಲ್ಲಿ ಓದುವ ಕನ್ನಡ ಮನೆಯ ಹುಡುಗಿಗೆ ಆಮ್ಲಜನಕವು ‘ಅಧಾತು’. ಕನ್ನಡ ಪುಸ್ತಕವನ್ನು ತೆರೆದರೆ ಅದೇ ಆಮ್ಲಜನಕವು ‘ಧಾತು’. ಎರಡೂ ಸರಿ, ಆದರೆ ಇದು ಎರಡು ಭಾಷೆಗಳ ಭೇದವೆಂದು ಹೇಳಿಕೊಡುವವರಿಲ್ಲದಿದ್ದರೆ, ಅವಳು ಕನ್ನಡ ಪುಸ್ತಕವೇ ತಪ್ಪೆಂದು ಎಣಿಸಿ ಅದನ್ನು ಮುಚ್ಚಿಡುವುದು ಸಹಜ. ಮನೆಮಾತಿನಲ್ಲಿ ವಿಜ್ಞಾನವನ್ನು ಓದುವ ಆಸೆಯು ಇಷ್ಟು ಸಣ್ಣ ಎಡವಟ್ಟಿನಿಂದಲೂ ಬತ್ತಬಹುದು. ‘ಮೂಲವಸ್ತು’ ಎಂಬ ಪದವು ಮರಾಠಿಯ ಮೂಲದ್ರವ್ಯಕ್ಕೂ ತೆಲುಗಿನ ಮೂಲಕಕ್ಕೂ ಸಮೀಪವಾಗಿದ್ದು, ಲೋಹದ ಭ್ರಾಂತಿಗೆ ಎಡೆಗೊಡದು. ಹೊರನಾಡಿನ ಓದುಗರಿಗಾಗಿ ಬರೆಯುವಾಗ ಅದನ್ನೇ ಮೊದಲು ಹೇಳಿ, ಕರ್ನಾಟಕದ ಪಠ್ಯಗಳಲ್ಲಿ ಧಾತುವೆನ್ನುವರೆಂದು ಜೊತೆಗೆ ಸೂಚಿಸುವುದು ಲೇಸು.

೭

ಉಳಿದ ಅರ್ಥಗಳಿಗೆ ಮೂಲವಸ್ತುವೂ ಸಲ್ಲದು, ಧಾತುವೂ ಸಲ್ಲದು. ಲಿಯರ್ ದೊರೆಯು ಸಂಬೋಧಿಸುವುದು ಭೂತಗಳನ್ನು ಅಥವಾ ನಿಸರ್ಗಶಕ್ತಿಗಳನ್ನು. ‘ಎಲಿಮೆಂಟಲ್’ ಕ್ರೋಧವು ಆದಿಮವಾದುದು. ‘ಎಲಿಮೆಂಟಲ್’ ಗಂಧಕವಾದರೋ ಮತ್ತಾವುದರೊಡನೆಯೂ ಕೂಡದ ಶುದ್ಧ ಗಂಧಕ. ‘ಎಲಿಮೆಂಟರಿ’ ವ್ಯಾಕರಣವು ವ್ಯಾಕರಣದ ಓನಾಮ. ಗಣದ ‘ಎಲಿಮೆಂಟ್’ ಅಂಶ ಅಥವಾ ಸದಸ್ಯ. ಒಲೆಯದು ಕಾಯುವ ಸುರುಳಿ.

ಇಷ್ಟು ವೇಷಗಳೊಳಗಿನ ವ್ಯಕ್ತಿ ಯಾರೆಂಬ ಮೊದಲ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ‘ಎಲಿಮೆಂಟ್’ ಎಂಬುದು ಯಾವ ಒಂದು ವಸ್ತುವಿನ ಹೆಸರೂ ಅಲ್ಲ. ಬಿಡಿಸುತ್ತ ಹೋದವರು ನಿಂತ ಸ್ಥಾನದ ಹೆಸರು. ಮಾತನ್ನು ಬಿಡಿಸಿದವರು ವರ್ಣದಲ್ಲಿ ನಿಂತರು, ಜಗತ್ತನ್ನು ಬಿಡಿಸಿದವರು ನಾಲ್ಕು ಭೂತಗಳಲ್ಲಿ ನಿಂತರು, ರಸಾಯನಜ್ಞರು ಕೋಷ್ಟಕದ ಮೂಲವಸ್ತುಗಳಲ್ಲಿ ನಿಂತರು. ಆದುದರಿಂದ ಕನ್ನಡಕ್ಕೆ ತರುವವನು ಮೊದಲು ಕೇಳಿಕೊಳ್ಳಬೇಕಾದುದು, ಇಲ್ಲಿ ಬಿಡಿಸುತ್ತಿರುವುದು ಏನನ್ನು ಎಂದು. ಆ ಪ್ರಶ್ನೆಗೆ ಉತ್ತರ ದೊರೆತರೆ ಪದವು ಕನ್ನಡದಲ್ಲಿಯೇ ದೊರೆಯುತ್ತದೆ.